ಮತದಾರರ ಮನೆಯ ಚಹಾ

ಗಲ್ಫಿನಲ್ಲಿರುವ ನಮ್ಮ ಮಕ್ಕಳ ಶಾಲೆಯ ಆಡಳಿತ ಸಮಿತಿ ಚುನಾವಣೆಗೆ ಕರ್ನಾಟಕ ಕರಾವಳಿಯ ಪೋಷಕರಿಂದ ಒಬ್ಬರೇ ನಿಲ್ಲಬೇಕೆಂದು ತೀರ್ಮಾನವಾಗಿತ್ತು. ಆ ಒಬ್ಬರು ಯಾರೆಂದು ಮೊದಲು ನಮ್ಮೊಳಗೇ ಮತ ಹಾಕಿ ಆರಿಸಬೇಕು. ಅದಕ್ಕೆ ನಿಂತಿದ್ದ ನಮ್ಮ ಶೆಟ್ಟರ ಪರವಾಗಿ ಮನೆಮನೆ ತಿರುಗುವ ಸ್ವಯಂಸೇವಕರ ಹೊಣೆ ನನ್ನದು. ಮತ ಕೇಳಲು ಹೋದ ಮನೆಯಲ್ಲಿ ನೀರಿನ ಹೊರತು ಏನನ್ನೂ ಮುಟ್ಟಬಾರದೆಂದು ಮೊದಲ ದಿನವೇ ಹೇಳಿದ್ದೆ. ಕಾನ್ವೆಂಟಿನಲ್ಲಿ ಕಲಿತ ಶಿಸ್ತು ಅದು. ಇಂದಿಗೂ ಸರಿಯೆಂದೇ ನಂಬುತ್ತೇನೆ.

ಅಲ್ ಮಬೇಲಾದ ಒಂದು ಮನೆಯಲ್ಲಿ ಜುಬೇದಾ ಎಂಬವರು ಚಹಾ, ಜೊತೆಗೆ ಬಜ್ಜಿಯಂಥ ಬಿಸಿ ಪೋಡಿ ತಂದಿಟ್ಟರು. ಗಂಡ ಹೆಂಡತಿಯದು ಎರಡು ಮತ, ಪೈಪೋಟಿಯೂ ಬಿಗಿಯಾಗಿತ್ತು. ಆದರೂ ನಾನು ಬೇಡವೆಂದೆ.

"ಚಾ ಕುಡಿಯದವರ ಮಾತು ನಾನ್ಯಾಕೆ ಕೇಳುದು?" ಎಂದರು ಅವರು.

"ಗೆದ್ದ ಮೇಲೆ ಖಂಡಿತ ಬಂದು ಕುಡಿಯುತ್ತೇವೆ."

"ಗೆದ್ದ ಮೇಲೆ ಯಾರು ಬರ್ತಾರೆ ಮೇಡಂ? ಈಗಲೇ ಕುಡಿಯಿರಿ."

ಕುಳಿತು ಲೋಟ ಎತ್ತಿಕೊಂಡೆ. ಎರಡೂ ಮತ ಶೆಟ್ಟರಿಗೇ ಎಂದು ಅವರು ಮಾತು ಕೊಟ್ಟರು.

ಕಾರಿನಲ್ಲಿ ಸ್ವಯಂಸೇವಕಿ ಪ್ರಮೀಳಾ, "ಮೇಡಂ, ನಿಯಮ ಖಲಾಸಾ?" ಎಂದು ಕೇಳಿದಳು.

"ನಿಯಮ ಹಾಗೆಯೇ ಇದೆ. ಎರಡನೆಯ ಸಲ ಒತ್ತಾಯಿಸಿದರೆ ಮಾತ್ರ ಕುಡಿಯಬಹುದು."

ಶೆಟ್ಟರೇ ಆಯ್ಕೆಯಾದರು. ಪ್ರಚಾರ ಮುಗಿಯುವವರೆಗೆ ನಮ್ಮವರು ಪ್ರತಿ ಮನೆಯಲ್ಲೂ ಬೇಡವೆಂದದ್ದು ಮಾತ್ರ ಎಷ್ಟು ಮೆಲ್ಲಗೆಂದರೆ, ಮನೆಯವರಿಗೆ ಇನ್ನೊಮ್ಮೆ ಒತ್ತಾಯಿಸದೆ ವಿಧಿಯಿರಲಿಲ್ಲ.