ಸುಮಲತಾ ಅವರ ಗಂಜಿ ಗಾಡಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಧಾರವಾಡದ ಹತ್ತಿರ, ರಾಯಾಪುರದ ಕಡೆ ಇರುವ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ವರ್ಕ್‌ಶಾಪಿನ ದೀಪ ಮಾತ್ರ ಉರಿಯುತ್ತಿದೆ. ನೆಲಕ್ಕೆ ಗೋಣಿಚೀಲ ಹಾಸಿ, ಸೆರಗನ್ನು ಸೊಂಟಕ್ಕೆ ಬಿಗಿದು, ಸುಮಲತಾ ಒಂದು ಗಾಡಿಯ ಹೊಟ್ಟೆಯ ಕೆಳಗೆ ತಲೆ ತೂರಿಸಿದ್ದಾರೆ. ನಮಗೆ ಕಾಣುವುದು ಎರಡು ಕಾಲು ಮತ್ತು ನಟ್ಟು ಬಿಗಿಯುವ ಒಂದು ಪಾನಾ. ಜೊತೆಗೆ ಆಗಾಗ ಕೇಳುವ ಬೈಗುಳ. "ನಿನ್ನೆ ಛಲೋ ಇದ್ದಿ, ಇವತ್ತೇನ್ ಧಾಡಿ ಬಂತು ನಿನಗ?" ಎಂದು ಅವರು ಗದರಿಸುತ್ತಿರುವುದು ಹಿಂದಿನ ಬಲಗಡೆಯ ಚಕ್ರವನ್ನು.

ಚಕ್ರ ದಾರಿಗೆ ಬರುತ್ತದೆ. ಮೆಸ್ಸಿನಿಂದ ತಂದ ಬಿಸಿ ಗಂಜಿಯ ಡಬ್ಬಿಗಳು, ನಿಂಬೆ ಉಪ್ಪಿನಕಾಯಿ, ಕುದಿಸಿ ಆರಿಸಿದ ನೀರು, ಡಾಕ್ಟರು ಬರೆದುಕೊಟ್ಟ ಗುಳಿಗೆಗಳ ಪೊಟ್ಟಣ ಎಲ್ಲವನ್ನೂ ಒಳಗಿಟ್ಟು ಸುಮಲತಾ ಗುಂಡಿ ಒತ್ತುತ್ತಾರೆ. ಆ ತಗಡಿನ ಗಾಡಿ ಯಾರ ಹಂಗೂ ಇಲ್ಲದೆ ಬಾಗಿಲು ದಾಟಿ, ನೆಲಕ್ಕೆ ಅಂಟಿಸಿದ ಕಪ್ಪು ಪಟ್ಟಿಯ ಗುಂಟ ಹೆಣ್ಣುಮಕ್ಕಳ ಹಾಸ್ಟೆಲಿನತ್ತ ಹೊರಡುತ್ತದೆ. ದಾರಿಯಲ್ಲಿ ನಾಯಿಯೊಂದು ಅಡ್ಡ ಮಲಗಿದೆ. ಗಾಡಿ ನಿಲ್ಲುತ್ತದೆ. ನಾಯಿ ಆಕಳಿಸಿ, ಮೈಮುರಿದು, ತನಗೆ ಬೇಕಾದಾಗ ಎದ್ದು ಹೋಗುವವರೆಗೂ ಕಾಯ್ದು ಮತ್ತೆ ನಡೆಯುತ್ತದೆ. ಎಷ್ಟು ಸಲ ನೋಡಿದರೂ ಮೂಗಿನ ಮೇಲೆ ಬೆರಳು ಹೋಗುವುದು ತಪ್ಪುವುದಿಲ್ಲ.

ರೋಬೋ ಎಂದರೆ ನಾವು ನೆನೆಸಿಕೊಳ್ಳುವ ಥಳಥಳ ಈ ಗಾಡಿಗಿಲ್ಲ. ಚಕ್ರಗಳು ಗುಜರಿಗೆ ಹೋಗಿದ್ದ ಗಾಲಿಕುರ್ಚಿಯವು, ಮೈ ಹಳೆಯ ಕೂಲರಿನ ತಗಡು. ಸುಟ್ಟುಹೋಗಿದ್ದ ಮೋಟಾರುಗಳಿಗೆ ಸುಮಲತಾ ಕೈಯಾರೆ ಹೊಸ ತಂತಿ ಸುತ್ತಿದ್ದಾರೆ. ತಂತಿ ಸುತ್ತುವುದು ಅವರ ಹಳೆಯ ವಿದ್ಯೆ. ಐಟಿಐನಲ್ಲಿ ಎಲೆಕ್ಟ್ರಿಶಿಯನ್ ಕೋರ್ಸು ಮುಗಿಸಿ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅದೇ ಕೆಲಸಕ್ಕಿದ್ದರು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಈ ಕಾಲೇಜಿನ ವರ್ಕ್‌ಶಾಪಿಗೆ ಸಹಾಯಕಿಯಾಗಿ ಬಂದರು. ಹಂಗಾಮಿ ಎಂದು ಸೇರಿಸಿಕೊಂಡವರು ಇವತ್ತಿಗೂ ಹಂಗಾಮಿಯೇ.

"ಹುಡಿಗಿ ವೈರ್ ಹಿಡದ್ರ ಶಾಕ್ ಹೊಡಿತೈತಿ ಅಂತ ಓಣ್ಯಾಗ ಮಂದಿ ಹೆದರಸ್ತಿದ್ರು. ನಮ್ಮಪ್ಪ ಹೊಳೆಯಪ್ಪ ಹಮಾಲಿ ಮಾಡಾಂವ. ಗಂಡಸೂರಿಗೆ ಹೊಡಿಯಂಗಿಲ್ಲೇನು ಅಂತ ತಿರುಗಿ ಕೇಳ್ತಿದ್ದ ನೋಡ್ರಿ, ಎಲ್ಲಾರೂ ಗಪ್ಪಾಗತಿದ್ರು" ಎಂದು ಸುಮಲತಾ ನಗುತ್ತಾರೆ.

ಈ ಗಾಡಿ ಹುಟ್ಟಿದ್ದು ಹೋದ ಮಳೆಗಾಲದ ಜ್ವರದಿಂದ. ಹಾಸ್ಟೆಲಿನಲ್ಲಿ ಹುಡುಗಿಯರು ಒಬ್ಬರ ಹಿಂದೊಬ್ಬರು ಹಾಸಿಗೆ ಹಿಡಿದರು. ಮೆಸ್ಸಿನಲ್ಲಿ ಅಡುಗೆ ಮಾಡುವ ಮಾಳವ್ವ ಸುಮಲತಾ ಅವರ ಚಿಕ್ಕಮ್ಮ. ಆಕೆ ಕೋಣೆ ಕೋಣೆಗೆ ಗಂಜಿ ಹೊತ್ತು ತಿರುಗಿದಳು, ಕೊನೆಗೆ ತಾನೂ ಅದೇ ಜ್ವರದಲ್ಲಿ ಮಲಗಿದಳು. "ಚಿಗವ್ವ ಬಿದ್ದ ದಿನ ಒಲಿ ಸೈತ ಹತ್ತಲಿಲ್ರಿ. ಉಣ್ಣಾಕ ಹಾಕೂ ಕೈ ಬೀಳಬಾರ್ದು, ಹೊತ್ಕೊಂಡ್ ಹೋಗಾಕ ಬ್ಯಾರೆ ಕಾಲು ಮಾಡೋಣು ಅನಿಸ್ತು" ಎನ್ನುತ್ತಾರೆ ಸುಮಲತಾ.

ಎಲೆಕ್ಟ್ರಾನಿಕ್ಸ್ ಕಲಿಸುವ ಮಿಲಿಂದ ಕುಲಕರ್ಣಿ ಪ್ರೋಗ್ರಾಂ ಬರೆದುಕೊಟ್ಟರು. ಕಾಲೇಜು ಬಿಟ್ಟ ಮೇಲೆ ಇಬ್ಬರೂ ಕೂತು ಒಂದೊಂದೇ ತೊಡಕು ಬಿಡಿಸಿದರು. ಡಬ್ಬಿಯನ್ನು ಬಾಗಿಲಲ್ಲಿಟ್ಟು ಬರುವ ಹಾಗಿಲ್ಲ, ಆ ಆವರಣದ ಮಂಗಗಳು ಮುಚ್ಚಳ ತಿರುಗಿಸುವುದನ್ನೂ ಕಲಿತಿವೆ. ಹೀಗಾಗಿ ರೋಗಿಗಳ ಮಂಚದ ಪಕ್ಕ ಎರಡು ಗುಂಡಿಗಳ ಪೆಟ್ಟಿಗೆ ಇಟ್ಟರು. ಹಸಿರು ಒತ್ತಿದರೆ ಗಾಡಿಯ ಮುಚ್ಚಳ ತೆರೆಯಬೇಕು, ಕೆಂಪು ಒತ್ತಿದರೆ ಗಾಡಿ ಮುಂದಿನ ಬಾಗಿಲಿಗೆ ಹೋಗಬೇಕು. ಯಂತ್ರದ ದನಿ ಕೇಳಿ ಹುಡುಗಿಯರು ಬೆದರಬಾರದೆಂದು ಮಾಳವ್ವನ ದನಿಯನ್ನೇ ತುಂಬಿದರು: "ಗಂಜಿ ತಂದೇನಿ. ತಗೋತೀಯೇನವ್ವಾ?"

ನಿಜವಾದ ಪರೀಕ್ಷೆ ಎದುರಾದದ್ದು ಈ ಫೆಬ್ರವರಿಯಲ್ಲಿ. ಸೆಮಿಸ್ಟರ್ ಪರೀಕ್ಷೆ ಹತ್ತಿರವಿತ್ತು. ಆಗಲೇ ಕೆಲವು ಹುಡುಗಿಯರಿಗೆ ಮೈಮೇಲೆ ಅಮ್ಮ ಎದ್ದಿತು, ಮೈತುಂಬ ನೀರುಗುಳ್ಳೆ, ಜ್ವರ. ವಾರ್ಡನ್ ಗೀತಾಂಜಲಿ ಆ ಹುಡುಗಿಯರನ್ನೆಲ್ಲ ಕೆಳಗಿನ ಸಾಲಿನ ಕೊನೆಯ ಕೋಣೆಗಳಿಗೆ ಕಳಿಸಿ, ಅತ್ತ ಯಾರೂ ಸುಳಿಯಬಾರದೆಂದರು. ಗಾಡಿ ಮೊದಲ ಸಲ ಒಂಟಿಯಾಗಿ ಹೊರಟಿತು, ಹೋದ ಹಾಗೆಯೇ ಬಂತು. ಒಂದು ಡಬ್ಬಿಯೂ ಖಾಲಿಯಾಗಿರಲಿಲ್ಲ. ಮಧ್ಯಾಹ್ನವೂ ಅದೇ ಕಥೆ.

"ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ ಸುಮಲತಾ" ಎಂದರು ಗೀತಾಂಜಲಿ. "ಆದ್ರ ಹುಡಿಗ್ಯಾರು ಬಿಸ್ಕೀಟ್ ತಿಂದು ಮಲಗ್ಯಾರ. ನಾಳೆ ಮುಂಜಾನೆನೂ ಹಿಂಗ ಆದ್ರ ಎಲ್ಲಾರನೂ ಊರಿಗೆ ಕಳಸೂದ."

ಊರಿಗೆ ಹೋದರೆ ಪರೀಕ್ಷೆ ತಪ್ಪಿದಂತೆ. ಮೇಲಾಗಿ ಆ ಜ್ವರದಲ್ಲಿ ಪ್ರಯಾಣ. ಸುಮಲತಾ ಗಾಡಿಯನ್ನು ಬಿಚ್ಚಿ ನೋಡಿದರು. ಮೋಟಾರು ಸರಿ, ಮುಚ್ಚಳ ಸರಿ, ಗುಂಡಿಗಳೂ ಸರಿ. ಎಲ್ಲರೂ ಕೆಂಪನ್ನೇ ಒತ್ತಿದ್ದರು. "ತಣ್ಣಗಾದ ಗಂಜಿ ಎಲ್ಲಾ ಹಂಗ ಇತ್ರಿ. ಹಸದ ಮಕ್ಕಳು ಬ್ಯಾಡ ಅಂತಾವ ಅಂದ್ರ ತಪ್ಪು ನಮ್ಮ ಗಾಡೀದ" ಎಂದು ನೆನೆಯುವಾಗ ಈಗಲೂ ಅವರ ಮುಖ ಸಣ್ಣದಾಗುತ್ತದೆ.

ಸಂಜೆ ವಿದ್ಯಾನಗರದ ಮಿಲಿಂದರ ಮನೆಗೆ ಹೋದರು, ಪ್ರೋಗ್ರಾಮಿನಲ್ಲೇನಾದರೂ ಎಡವಟ್ಟಾಗಿದೆಯೇ ನೋಡಲು. ಮಿಲಿಂದರ ತಾಯಿ ತಾರಾಬಾಯಿ ಒಗ್ಗರಣೆ ಅವಲಕ್ಕಿಯ ತಾಟು ಹಿಡಿದು ಬಂದರು. ಮುಂಜಾನೆಯಿಂದ ಬಾಯಿಗೆ ಒಂದಗುಳು ಹಾಕದ ಸುಮಲತಾ ಏನೆಂದರು ಗೊತ್ತೇ?

"ಬ್ಯಾಡ್ರಿ ಬಾಯಿ, ಈಗ ಆತು."

"ಹಂಗೆಲ್ಲಾ ಅನಬ್ಯಾಡ, ಒಂದೀಟ ತಗೋ."

"ಖರೇನ ಬ್ಯಾಡ್ರಿ."

"ನಮ್ಮನ್ಯಾಗಿಂದ ಬರೇ ಬಾಯಿಲೆ ಹೋಗ್ತೀ ಏನು? ಹಿಡಿ!"

ತಾಟು ಕೈಗೆ ಬಂತು. ಮೊದಲ ತುತ್ತು ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. "ಸರ್ರ," ಎಂದರು ಸುಮಲತಾ, "ನಮ್ಮ ಗಾಡಿ ಒಮ್ಮೆ ಅಷ್ಟ ಕೇಳ್ತೈತ್ರಿ!"

ಈ ಸೀಮೆಯಲ್ಲಿ ಮೊದಲ ಸಲ ಕೇಳಿದಾಗ ಕೈ ಚಾಚುವವರು ಯಾರಿದ್ದಾರೆ? ಇಲ್ಲಿ 'ಬ್ಯಾಡ್ರಿ' ಎನ್ನುವುದು ಬಾಯಿ ತುಂಬ ನಮಸ್ಕಾರ ಅಂದಹಾಗೆ. ಕರೆದವರು ಇನ್ನೊಮ್ಮೆ ಒತ್ತಾಯ ಮಾಡಬೇಕು, ಮತ್ತೊಮ್ಮೆ ಗದರಬೇಕು, ಆಮೇಲೆ ಊಟ. ಮಾಳವ್ವನ ದನಿ ಕೇಳಿದೊಡನೆ ಹುಡುಗಿಯರ ಬೆರಳು ರೂಢಿಯ ಪ್ರಕಾರ ಕೆಂಪಿಗೆ ಹೋಗಿದೆ. ಎರಡನೇ ಸಲ ಕೇಳಲಿ ಎಂದು ಅವರು ಕಾಯುತ್ತಿರುವಾಗ ಗಾಡಿ ಗತ್ತಿನಿಂದ ಹೊರಟುಹೋಗಿದೆ. ಹೋಗಲಿ, ಕಟ್ಟಿದವರಾದರೂ ಬೇರೆ ದೇಶದವರೇ? ಇದೇ ಮಣ್ಣಿನವರು ಇಷ್ಟನ್ನು ಮರೆತಿದ್ದರು! ಮಿಲಿಂದ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಏನೊಂದೂ ತಿಳಿಯದ ತಾರಾಬಾಯಿ ಇನ್ನೊಂದು ಸೌಟು ಅವಲಕ್ಕಿ ಬಡಿಸಿದರು.

ಅಂದೇ ಮಾಳವ್ವನನ್ನು ಕೂಡಿಸಿ ಎರಡನೇ ಮಾತು, ಮೂರನೇ ಮಾತು ಹೇಳಿಸಿದರು. ಮೂರನೇ ಸಲವೂ ಕೆಂಪು ಒತ್ತಿದರೆ ಏನು ಮಾಡುವುದು ಎಂದು ಮಿಲಿಂದ ಕೇಳಿದರು. ಸುಮಲತಾ ಹೇಳಿದರು: "ಮೂರನೇ ಸಲ ಬ್ಯಾಡ ಅಂದ್ರ ಅದು ಖರೇ ಬ್ಯಾಡ, ಸರ್ರ. ಅಲ್ಲಿಗೆ ಗಾಡಿ ಕೆಲಸ ಮುಗೀತು. ಮನಿಷ್ಯಾರು ಹೋಗಬೇಕು." ಹಾಗಾದಾಗ ಸುಮಲತಾ ಅವರ ಫೋನಿಗೆ ಕರೆ ಬರುವಂತೆ ಮಿಲಿಂದ ಜೋಡಿಸಿಕೊಟ್ಟರು.

ಮರುದಿನ ಮುಂಜಾನೆ ಗಾಡಿ ಹೊರಟಾಗ ಗೀತಾಂಜಲಿ, ಸುಮಲತಾ ಇಬ್ಬರೂ ಸಾಲಿನ ತುದಿಯಲ್ಲಿ ನಿಂತರು. ಮೊದಲ ಬಾಗಿಲಲ್ಲಿ ಕೆಂಪು. "ಹಂಗಂದ್ರ ಹೆಂಗವ್ವಾ? ಒಂದ್ ಗುಟುಕರ ಕುಡಿ" ಎಂದಿತು ಗಾಡಿ. ಮತ್ತೆ ಕೆಂಪು. "ನೀ ಕುಡಿದ್ರನ ನಾ ಇಲ್ಲಿಂದ ಹೋಗಾಕಿ!" ಒಳಗಿನಿಂದ ಕಿಸಕ್ಕನೆ ನಗು ಕೇಳಿತು. ಮುಚ್ಚಳ ತೆರೆಯಿತು. ಎರಡನೇ ಬಾಗಿಲು, ಮೂರನೆಯದು, ಒಂದೊಂದಾಗಿ ಡಬ್ಬಿಗಳು ಒಳಗೆ ಹೋದವು. ಗೀತಾಂಜಲಿ ಸುಮಲತಾ ಅವರ ಕೈ ಹಿಡಿದುಕೊಂಡರು.

ಕೊನೆಯ ಬಾಗಿಲು ಹಾವೇರಿ ಕಡೆಯ ಹುಡುಗಿ ಸೃಷ್ಟಿಯದು. ಕೆಂಪು. ಮತ್ತೆ ಕೆಂಪು. ಮೂರನೆಯ ಸಲವೂ ಕೆಂಪು. ಸುಮಲತಾ ಅವರ ಫೋನು ಬಡಿದುಕೊಂಡಿತು.

ಚಿಕ್ಕಂದಿನಲ್ಲೇ ತಮಗೂ ಅಮ್ಮ ಎದ್ದು ವಾಸಿಯಾಗಿದ್ದರಿಂದ, ಮತ್ತೆ ಅಂಟುವ ಹೆದರಿಕೆ ಇಲ್ಲದೆ ಸುಮಲತಾ ಒಳಗೆ ಓಡಿದರು. ಸೃಷ್ಟಿಯ ಮೈ ಕೆಂಡವಾಗಿತ್ತು. ಎದೆ ಸಿಳ್ಳು ಹೊಡೆಯುತ್ತಿತ್ತು, ತುಟಿ ಬಿಚ್ಚಿ ಮಾತಾಡುವ ಶಕ್ತಿಯೂ ಇರಲಿಲ್ಲ. ಹಿಂದಿನ ದಿನ ಎಲ್ಲರ 'ಬೇಡ'ಗಳ ನಡುವೆ ಅವಳ 'ಬೇಡ' ಯಾರಿಗೂ ಕೇಳಿಸಿರಲಿಲ್ಲ. ಗೀತಾಂಜಲಿ ಕಾರು ತರಿಸಿ ಅವಳನ್ನು ಆಸ್ಪತ್ರೆಗೆ ಒಯ್ದರು. ರೋಗ ಶ್ವಾಸಕೋಶಕ್ಕೆ ಇಳಿದಿದೆ, ಸಂಜೆಯವರೆಗೆ ಬಿಟ್ಟಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಅಂದು ಸುಮಲತಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು.

ಸೃಷ್ಟಿ ಗುಣವಾದಳು, ತಪ್ಪಿದ ಪರೀಕ್ಷೆಯನ್ನು ಆಮೇಲೆ ಬರೆದಳು. ಉಳಿದವರು ಎಲ್ಲರ ಜೊತೆಗೇ ಬರೆದರು. ಈಗ ಬೇರೆ ಕಾಲೇಜುಗಳವರೂ ಬಂದು ಗಾಡಿಯ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಸುಮಲತಾ ಆ ಹೊತ್ತಿಗೆ ಸರಿಯಾಗಿ ಏನೋ ಕೆಲಸ ನೆನಪಾದವರಂತೆ ಒಳಗೆ ಸರಿಯುತ್ತಾರೆ. ಇಂಥದೊಂದು ಗಾಡಿ ಮಾಡಿದ್ದೀರಿ, ಹೆಮ್ಮೆ ಇಲ್ಲವೇ ಎಂದರೆ ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತಾರೆ.

"ಗಾಡಿ ಯಾರರ ಮಾಡ್ತಾರ್ರಿ. ಬ್ಯಾಡ ಅಂದವರ ಬಾಗಲದಾಗ ನಿಂದರೂದ ಕಲಿಸೇನಿ ನೋಡ್ರಿ ಅದಕ್ಕ, ಅಷ್ಟ ನಂದು."