ಮಾಗೊಮೆಯಿಂದ ತ್ಸುಮಾಗೊಗೆ, ಭಾವನ ಜೊತೆ

ಆ ದಾರಿಯಲ್ಲಿ ನಡೆಯಬೇಕೆಂದು ಆಸೆಪಟ್ಟು ಎಲ್ಲವನ್ನೂ ಬುಕ್ ಮಾಡಿದ್ದವಳು ನನ್ನ ಅಕ್ಕ. ಜಪಾನಿನಲ್ಲಿ ಹಿಂದಿನ ಕಾಲದ ಜನ ಬೆಟ್ಟಗಳ ನಡುವೆ ಕಾಲ್ನಡಿಗೆಯಲ್ಲಿ ರಾಜಧಾನಿಗೆ ಹೋಗುತ್ತಿದ್ದ ಹೆದ್ದಾರಿ ಅದು. ಪ್ರಯಾಣಿಕರು ತಂಗುತ್ತಿದ್ದ ಪುಟ್ಟ ಊರುಗಳು ಈಗಲೂ ಹಾಗೇ ಉಳಿದಿವೆ. "ನಿಮ್ಮ ಭಾವಂಗೆ ಐವತ್ತು ತುಂಬತ್ತಲ್ಲ, ಅಲ್ಲೇ ನಡ್ಕೊಂಡು ಹೋಗ್ತೀವಿ" ಎಂದು ಫೋನಿನಲ್ಲಿ ನಕ್ಕಿದ್ದಳು. ಹೊರಡುವ ಮೊದಲೇ ಕ್ಯಾನ್ಸರ್ ಅವಳನ್ನು ಕರೆದೊಯ್ದಿತು.

ಅವರ ಮನೆ ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ, ನಾನಿರುವುದು ಸಿಡ್ನಿಯಲ್ಲಿ. ಭಾವನೊಂದಿಗೆ ನನಗೆ ಹೆಚ್ಚು ಸಲಿಗೆ ಇರಲಿಲ್ಲ. ಹೋದಾಗಲೆಲ್ಲ ಹರಟೆ ಅಕ್ಕನ ಜೊತೆ, ಅವರು "ಬಂದ್ಯಾ?" ಎಂದು ಕೇಳಿ ಟೀವಿಯ ಮುಂದೆ ಕೂರುತ್ತಿದ್ದರು. ಅಂಥವರು ಅಕ್ಕ ಹೋಗಿ ವರ್ಷ ಕಳೆದ ಮೇಲೆ, ನಾನು ನಾರ್ತ್ ಸಿಡ್ನಿಯ ಆಫೀಸಿನಲ್ಲಿದ್ದಾಗ ಫೋನ್ ಮಾಡಿದರು.

"ಆ ಬುಕಿಂಗ್ ಕ್ಯಾನ್ಸಲ್ ಮಾಡಿಲ್ಲ ಕಣೋ, ಮುಂದಕ್ಕೆ ಹಾಕ್ಸಿದ್ದೆ. ನೀನು ಬರ್ತೀಯಾ?"

ಅಕ್ಕನಿಗಾಗಿ ಎಂದುಕೊಂಡು ತಕ್ಷಣ ಒಪ್ಪಿಕೊಂಡೆ.

ಮಾಗೊಮೆ ಎಂಬ ಊರಿನಿಂದ ಹೊರಟ ದಿನ ಮಂಜು ಕವಿದಿತ್ತು. ಕಲ್ಲುಹಾಸಿನ ಏರು ಮುಗಿದ ಮೇಲೆ ಕಾಡು. ಕರಡಿ ಹತ್ತಿರ ಬಾರದಿರಲೆಂದು ದಾರಿಯುದ್ದಕ್ಕೂ ಅಲ್ಲಲ್ಲಿ ಗಂಟೆ ಕಟ್ಟಿದ್ದರು. ಭಾವ ಪ್ರತಿಯೊಂದನ್ನೂ ಸಿಟ್ಟಿನಿಂದ ಎಂಬಂತೆ ಬಾರಿಸುತ್ತ ಮುಂದೆ ನಡೆದರು.

ನಡುವೆ ಒಂದು ಹಳೆಯ ಮರದ ಮನೆಯಲ್ಲಿ ಮುದುಕರೊಬ್ಬರು ದಾರಿಹೋಕರಿಗೆ ಚಹಾ ಕೊಡುತ್ತಿದ್ದರು. ನೀವಿಬ್ಬರೂ ಅಣ್ಣತಮ್ಮಂದಿರೋ ಎಂದು ತಡವರಿಸುತ್ತ ಇಂಗ್ಲಿಷಿನಲ್ಲಿ ಕೇಳಿದರು. ಇವನು ನನ್ನ ಹೆಂಡತಿಯ ತಮ್ಮ ಎಂದರು ಭಾವ. ಮುದುಕರು ಇನ್ನೊಂದು ಕಪ್ ತೆಗೆದಿಟ್ಟು, ಹೆಂಡತಿ ಹಿಂದೆ ಬರುತ್ತಿರಬಹುದೆಂದು ಬಾಗಿಲ ಕಡೆ ನೋಡಿದರು. ಭಾವ ಚಹಾ ಮುಗಿಸದೆ ಎದ್ದರು.

ಇಳಿಜಾರಿನಲ್ಲಿ ಅವರೇ ನಿಂತರು. "ನಿಂಗೊಂದು ವಿಷ್ಯ ಹೇಳ್ಬೇಕು. ನಾನು ಮದುವೆ ಆಗ್ತಿದೀನಿ."

"ಇದನ್ನ ಹೇಳಕ್ಕೆ ಇಲ್ಲೀವರೆಗೂ ಕರ್ಕೊಂಡು ಬಂದ್ರಾ?" ಎಂದೆ.

"ಫೋನಲ್ಲಿ ಹೇಳಿದ್ರೆ ನೀನು ಕಟ್ ಮಾಡ್ಬಿಡ್ತಿದ್ದೆ."

"ಅವಳು ನಡೀಬೇಕಿದ್ದ ದಾರಿ ಇದು, ಭಾವ."

"ಗೊತ್ತು ಕಣೋ. ಒಬ್ನೇ ಆ ಮನೇಲಿ ಇರಕ್ಕಾಗ್ತಿಲ್ಲ. ಕೆಲಸ ಮುಗಿಸ್ಕೊಂಡು ಬಂದ್ರೆ ಒಳಗೆ ಹೋಗಕ್ಕೆ ಮನಸ್ಸಾಗಲ್ಲ. ಕಾರಲ್ಲೇ ಕೂತಿರ್ತೀನಿ."

ನಾನು ಬಿರಬಿರನೆ ಮುಂದೆ ನಡೆದುಬಿಟ್ಟೆ. ಎಷ್ಟೋ ದೂರ ಹೋದ ಮೇಲೆ ಹಿಂದೆ ಹೆಜ್ಜೆಯ ಸದ್ದೇ ಇಲ್ಲವೆಂದು ಅರಿವಾಯಿತು. ವಾಪಸ್ ಹತ್ತಿ ಬಂದರೆ, ಭಾವ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿಬಿದ್ದು ಮೊಣಕಾಲು ಹಿಡಿದು ಕೂತಿದ್ದರು. ಪ್ಯಾಂಟು ಹರಿದು ರಕ್ತ ಬಂದಿತ್ತು.

"ಕೂಗಬಾರ್ದಿತ್ತಾ?"

"ಕೂಗಿದ್ರೆ ಬರ್ತಿದ್ಯಾ?"

ಅವರ ಬ್ಯಾಗನ್ನೂ ನಾನೇ ಹೊತ್ತು, ಅವರ ಕೈಯನ್ನು ಹೆಗಲ ಮೇಲೆ ಹಾಕಿಕೊಂಡು, ಆ ರಾತ್ರಿ ತಂಗಬೇಕಿದ್ದ ತ್ಸುಮಾಗೊ ತಲುಪಿದೆ. ಅವರು ಇಷ್ಟು ಹಗುರಾಗಿದ್ದಾರೆಂದು ಗೊತ್ತಿರಲಿಲ್ಲ. ತಂಗುವ ಮನೆಯಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕೂತರು. ಅನ್ನದ ಬಟ್ಟಲನ್ನು ಹತ್ತಿರ ಸರಿಸಿದೆ. ಮದುವೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಉಳಿದ ದಾರಿಯನ್ನು ಬಿಟ್ಟು ಮರುದಿನ ಬಸ್ಸು ಹತ್ತಿದೆವು.

ಮದುವೆ ಮೆಲ್ಬರ್ನಿನ ಒಂದು ದೇವಸ್ಥಾನದಲ್ಲಿ ನಾಲ್ಕಾರು ಜನರ ಮುಂದೆ ನಡೆಯಿತು. ಹೋಗಿದ್ದೆ. ಭಾವನ ಕೈಹಿಡಿದ ಆಕೆ ತಾವೇ ಬಂದು, "ಇನ್ನೊಂದು ಒಬ್ಬಟ್ಟು ಹಾಕ್ಲಾ?" ಎಂದು ಕೇಳಿದರು. ಒಳ್ಳೆಯವರು. ತಪ್ಪು ಹುಡುಕಲು ನನಗೆ ಏನೂ ಸಿಗಲಿಲ್ಲ.

ಈಗಲೂ ಕೆಲಸದ ಮೇಲೆ ಮೆಲ್ಬರ್ನಿಗೆ ಹೋಗುತ್ತೇನೆ, ಹೋಟೆಲಿನಲ್ಲಿ ಉಳಿಯುತ್ತೇನೆ. ವಿಷಯ ತಿಳಿದರೆ ಭಾವ ಫೋನ್ ಮಾಡಿ, "ಮನೆಗೆ ಬಾರೋ" ಎನ್ನುತ್ತಾರೆ. ಮುಂದಿನ ಸಲ ಎನ್ನುತ್ತೇನೆ. ಅವರು ಒತ್ತಾಯ ಮಾಡುವುದಿಲ್ಲ.