ತಪ್ಪು ಡೊಂಬಿವಲಿಯ ನೀರಿನದಲ್ಲ

ಲೋಕಲ್ ರೈಲಿನಲ್ಲಿ ಶೌಚಾಲಯ ಇರುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ರೈಲು ದಿವಾ ಸ್ಟೇಷನ್ ಬಿಟ್ಟ ಮೇಲೆ. ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತಿತ್ತು. ನಮ್ಮ ಕಾರ್ಕಳದ ಬಸ್ಸಾಗಿದ್ದರೆ “ಅಣ್ಣಾ, ಸ್ವಲ್ಪ ನಿಲ್ಲಿಸಿ” ಎಂದು ಕಂಡಕ್ಟರನಿಗೆ ಹೇಳಬಹುದಿತ್ತು. ಇಲ್ಲಿ ಮೈಗೆ ಮೈ ಒತ್ತಿ ನಿಂತ ಹೆಂಗಸರ ಬೋಗಿಯಲ್ಲಿ ಯಾರಿಗೆ ಹೇಳುವುದು? ಠಾಣೆ ಸ್ಟೇಷನ್ನಿನಲ್ಲಿ ಇಳಿದು ಓಡಿದ್ದಷ್ಟೇ ನೆನಪಿದೆ.

ಮದುವೆಯಾಗಿ ಬೊಂಬಾಯಿ ಪಕ್ಕದ ಡೊಂಬಿವಲಿಗೆ ಬಂದ ಹೊಸತು. ಗಂಡ ಠಾಕುರ್ಲಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್. ನನಗೆ ಠಾಣೆಯ ಕೈಗಾರಿಕಾ ವಸಾಹತು ವಾಗ್ಳೆ ಎಸ್ಟೇಟಿನ ಆಫೀಸೊಂದರಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿತ್ತು. ಪಕ್ಕದ ಮನೆಯ ಮರಾಠಿ ಹೆಂಗಸನ್ನು ಎಲ್ಲರಂತೆ ನಾನೂ ಕಾಕು ಎನ್ನುತ್ತಿದ್ದೆ. ಕಾಕು ಎಂದರೆ ಚಿಕ್ಕಮ್ಮ. ಅವರೇ ನನಗೆ ಪೋಳಿ, ಅಂದರೆ ಇವರ ದಿನನಿತ್ಯದ ಚಪಾತಿ, ಲಟ್ಟಿಸುವುದನ್ನು ಕಲಿಸಿದವರು. ಅಕ್ಕಿ ಬಿಟ್ಟು ಬೇರೆ ಗೊತ್ತಿಲ್ಲದ ನನ್ನ ಕೈಯಲ್ಲಿ ಮೊದಲ ಸಲ ಪೋಳಿ ಉಬ್ಬಿದಾಗ, “ಆತಾ ತೂ ಡೊಂಬಿವಲೀಕರ್ ಝಾಲೀಸ್!” ಎಂದು ಬೆನ್ನು ತಟ್ಟಿದರು. ಈಗ ನೀನು ಡೊಂಬಿವಲಿಯವಳಾದೆ ಎಂದು. ನನಗೆ ಎಷ್ಟು ಹೆಮ್ಮೆ ಎಂದರೆ, ಅಂದಿನಿಂದ ಮಧ್ಯಾಹ್ನದ ಊಟದ ಡಬ್ಬಿಗೂ ಪೋಳಿ, ರಾತ್ರಿಗೂ ಪೋಳಿ.

ಹೊಟ್ಟೆ ಮಾತ್ರ ನೆಟ್ಟಗಾಗಲಿಲ್ಲ. ಒಬ್ಬ ಡಾಕ್ಟರು ಗ್ಯಾಸ್ ಎಂದರು, ಇನ್ನೊಬ್ಬರು ಟೆನ್ಶನ್ ಎಂದರು. ಜ್ವರವಾದರೆ ನಾಲ್ಕು ಜನರಿಗೆ ಹೇಳಿಕೊಳ್ಳಬಹುದು. ಕಕ್ಕಸಿನ ಸುದ್ದಿಯನ್ನು ಗಂಡನ ಎದುರು, ಬಾರದ ಭಾಷೆಯಲ್ಲಿ ಹೇಗೆ ಹೇಳುವುದು? ಅರ್ಧ ನುಂಗಿಕೊಂಡು ಅರ್ಧ ಹೇಳುತ್ತಿದ್ದೆ.

ವರ್ಷವೂ ಮೇ ತಿಂಗಳಲ್ಲಿ ತವರಿಗೆ ಹೋದರೆ ಎಲ್ಲ ಸರಿ. ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ, ದೋಸೆ, ಅನ್ನ. ಹೊರಡುವ ಹೊತ್ತಿಗೆ ಕೆನ್ನೆ ತುಂಬಿರುತ್ತಿತ್ತು. “ನಿಂಗೆ ಬೊಂಬಾಯಿ ನೀರು ಆಗುದಿಲ್ಲ ಮಾರಾಯ್ತಿ” ಎಂದು ಅಮ್ಮ ತೀರ್ಪು ಕೊಟ್ಟಳು. ನಮಗೆಲ್ಲ ಅದು ಸರಿಯೆನಿಸಿತು. ತವರಿನ ಬಾವಿಯ ನೀರು ಕ್ಯಾನಿನಲ್ಲಿ ಬಸ್ ಹತ್ತಿ ಬರತೊಡಗಿತು. ಗಂಡ ಹೋಟೆಲ್ ಕೆಲಸದ ನಡುವೆ ಬಸ್ ನಿಲ್ಲುವಲ್ಲಿಗೆ ಹೋಗಿ ಅದನ್ನು ಹೊತ್ತು ತರುತ್ತಿದ್ದರು. ನಾನು ತೀರ್ಥದ ಹಾಗೆ ಆ ನೀರು ಕುಡಿದು, ಮೇಲೆ ಎರಡು ಪೋಳಿ ತಿನ್ನುತ್ತಿದ್ದೆ!

ರೈಲಿನ ಭಯಕ್ಕೇ ಕೊನೆಗೆ ಕೆಲಸ ಬಿಟ್ಟೆ. ಸ್ವಂತ ಸಂಬಳದ ಕೆಲಸ, ನನಗೆ ಬಹಳ ಇಷ್ಟದ್ದು. ಆ ಸಿಟ್ಟನ್ನೆಲ್ಲ ಈ ಊರಿನ ಮೇಲೆ ತೀರಿಸಿಕೊಂಡೆ. ನಲ್ಲಿ ತಿರುಗಿಸಿದಾಗಲೆಲ್ಲ ಗೊಣಗುತ್ತಿದ್ದೆ.

ಕಳೆದ ವರ್ಷ ಮೈಯಲ್ಲಿ ರಕ್ತವೇ ಕಡಿಮೆಯಾಗಿ ತಲೆ ಸುತ್ತತೊಡಗಿದಾಗ ನೆರೂಳದ ಒಬ್ಬ ಡಾಕ್ಟರಮ್ಮನ ಬಳಿ ಹೋದೆವು. ನನ್ನ ನೀರಿನ ಪುರಾಣವನ್ನು ಪೂರ್ತಿ ಕೇಳಿ ಅವರು, “ಗಾಂವ್ ಮೇಂ ಖಾತೀ ಕ್ಯಾ ಹೋ?” ಎಂದರು. ಊರಿನಲ್ಲಿ ಏನು ತಿನ್ನುತ್ತೀ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಹೇಳಿದೆ.

“ಔರ್ ರೋಟಿ?”

“ರೋಟಿ ನಹೀಂ.”

ರಕ್ತ ಪರೀಕ್ಷೆಯಾಯಿತು, ಬಾಯಿಯಿಂದ ಕೊಳವೆ ಇಳಿಸಿ ಕರುಳಿನ ಚೂರು ತೆಗೆದು ನೋಡಿದ್ದಾಯಿತು. ಸೀಲಿಯಾಕ್ ಎಂಬ ಕಾಯಿಲೆ. ಗೋಧಿಯಲ್ಲಿರುವ ಒಂದು ಅಂಶ ನನ್ನ ಕರುಳಿಗೆ ಆಗದು. ಜೀವನಪೂರ್ತಿ ಗೋಧಿ ಬಿಡುವುದೇ ಮದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ನಾವು ಇಷ್ಟು ವರ್ಷ ನೀರನ್ನು ಬೈದಿದ್ದೆವು.

“ಮೊದ್ಲೇ ಗೊತ್ತಾಗಿದ್ರೆ ನಿನ್ನ ಕೆಲ್ಸ ಆದ್ರೂ ಉಳೀತಿತ್ತು” ಎಂದರು ಗಂಡ, ನೆರೂಳ ಸ್ಟೇಷನ್ನಿನಲ್ಲಿ. ನನಗೆ ಅಲ್ಲೇ ಅಳು ಬಂತು. ಆಫೀಸಿನ ಆ ಕುರ್ಚಿಯಲ್ಲಿ ಈಗ ಬೇರೆ ಯಾರೋ ಕೂತಿದ್ದಾರೆ.

ಕಾಕು ತಾವೇ ವಿಷ ಉಣಿಸಿದವರಂತೆ ಕೊರಗಿದರು. ಈಗ ಅಕ್ಕಿ ಹಿಟ್ಟಿನ ಭಾಕರಿ ತಟ್ಟಿ ತಂದುಕೊಡುತ್ತಾರೆ. ನಮ್ಮ ಅಕ್ಕಿ ರೊಟ್ಟಿಯ ದಾಯಾದಿಯೇ ಅದು. ಈ ಕಡೆಯ ಹಳಬರು ಮೊದಲಿನಿಂದಲೂ ತಿನ್ನುತ್ತ ಬಂದದ್ದಂತೆ; ನಾನು ಒಮ್ಮೆಯೂ ಕೇಳಿರಲಿಲ್ಲ.

ಹೊಟ್ಟೆ ತಣ್ಣಗಾದ ಮೇಲೆ, ಊರಿನಲ್ಲಿ ಅಣ್ಣನ ಸಂಸಾರದ ಜೊತೆಗಿರುವ ಅಮ್ಮನಿಗೆ ಫೋನು ಮಾಡಿ ಎಲ್ಲ ವಿವರಿಸಿದೆ. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ.

“ಹಾಗಾದ್ರೆ ಅಲ್ಲಿದ್ದೇ ಗುಣ ಆಯ್ತಾ?”

“ಆಯ್ತಮ್ಮ. ಗೋಧಿ ಬಿಟ್ರೆ ಆಯ್ತು.”

ಅಮ್ಮ ಕೇಳಿದಳು: “ಮತ್ತೆ ಮೇ ತಿಂಗಳಲ್ಲಿ ನೀನು ಎಂತಕ್ಕೆ ಬರುದು?”

ಇಷ್ಟು ವರ್ಷವೂ ಹೊಟ್ಟೆ ಸರಿಯಿಲ್ಲ ಎಂದರೆ ಸಾಕು, ಗಂಡ ಟಿಕೆಟ್ ತೆಗೆಸುತ್ತಿದ್ದರು. ಅಮ್ಮನನ್ನು ನೋಡಬೇಕು ಎಂದು ಬಾಯಿಬಿಟ್ಟು ಹೇಳಿ ಊರಿಗೆ ಹೋದ ಅಭ್ಯಾಸವೇ ನನಗಿಲ್ಲ.